ಒಂದು ತೊಟ್ಟು ರಕ್ತ, ಒಂದು ಸೂಜಿಗಲ್ಲು

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹರೂಪ)



ಮೀಸಲಾತಿ ಬಗ್ಗೆ, ಪಟ್ಟಾ ಬಗ್ಗೆ, ಸ್ಮಶಾನದ ದಾರಿ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡೋರು ಇಲ್ಲಿದ್ದಾರೆ. ನನ್ನ ಕೆಲಸ ಲ್ಯಾಬ್‌ನಲ್ಲಿ. ಬೆಳಗಾದರೆ ಜನರ ತೋಳಿಗೆ ರಬ್ಬರ್ ಕಟ್ಟಿ ರಕ್ತ ತೆಗೆಯೋದು. ಅದಕ್ಕೇ ರಕ್ತದ ಬಗ್ಗೆನೇ ಹೇಳ್ತೀನಿ, ಜೊತೆಗೆ ಸೂಜಿಗಲ್ಲಿನ ಬಗ್ಗೆ. ನಾವು ಮನೆಯಲ್ಲಿ ಅಯಸ್ಕಾಂತ ಅಂತೀವಿ, ಸ್ಕೂಲಲ್ಲಿ ತಮಿಳು ಓದಿದ ಮಕ್ಕಳು ಕಾಂದಂ ಅಂತಾರೆ. ಮಾತು ಎರಡು, ಬೇರು ಒಂದೇ.

ಮೊದಲು ಒಂದು ಲೆಕ್ಕ ಕೇಳ್ತೀನಿ. ಕೂಲಿಗೆ ಹೋಗುವ ನೀವು ಒಂದು ರಕ್ತ ಪರೀಕ್ಷೆ ಮಾಡಿಸಬೇಕಾದರೆ ಎಷ್ಟು ದಿನ ಹಿಡಿಯುತ್ತೆ? ಬೆಳಗ್ಗೆ ಏನೂ ತಿನ್ನದೆ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ರಕ್ತ ಕೊಡೋಕೆ ಒಂದು ದಿನ. ರಿಸಲ್ಟ್ ತರೋಕೆ ಇನ್ನೊಂದು ದಿನ. ಅದನ್ನ ಹಿಡಿದುಕೊಂಡು ಡಾಕ್ಟರ ಮುಂದೆ ಕೂರೋಕೆ ಮೂರನೇ ದಿನ. ಪರೀಕ್ಷೆ ಫ್ರೀ ಆಗಿದ್ದರೂ ಮೂರು ದಿನದ ಕೂಲಿ ಹೋಯ್ತು. ಹಾಗಾಗಿ ನಮ್ಮ ಜನ ಏನು ಮಾಡ್ತಾರೆ? ರಕ್ತ ಕೊಟ್ಟು ಬರ್ತಾರೆ, ರಿಸಲ್ಟ್ ತರೋಕೆ ಹೋಗಲ್ಲ. ಯಾರೂ ಬಂದು ಕೇಳದೆ ಉಳಿದ ಕಾಗದಗಳು ಲ್ಯಾಬ್‌ನ ಡ್ರಾಯರಲ್ಲಿ ಕಟ್ಟುಗಟ್ಟಲೆ ಬಿದ್ದಿರೋದನ್ನ ನಾನು ನೋಡಿದ್ದೀನಿ. ಸಕ್ಕರೆ ಮುನ್ನೂರು ದಾಟಿದವರ ಕಾಗದ, ರಕ್ತ ಏಳು ಗ್ರಾಂಗೆ ಇಳಿದ ಹೆಣ್ಣುಮಕ್ಕಳ ಕಾಗದ. ಇವರಿಗೆ ಕಾಯಿಲೆ ಇರೋದು ಲ್ಯಾಬ್‌ಗೆ ಗೊತ್ತು, ಅವರಿಗೇ ಗೊತ್ತಿಲ್ಲ. ಇವತ್ತಿನ ನನ್ನ ಮಾತೆಲ್ಲಾ ಆ ಡ್ರಾಯರಿನ ಬಗ್ಗೆ ಅಂತ ತಿಳ್ಕೊಳ್ಳಿ.

ಈ ಮೂರು ದಿನವನ್ನ ಮೂವತ್ತು ನಿಮಿಷಕ್ಕೆ ಇಳಿಸೋಕಾಗುತ್ತಾ, ಅದೂ ನಿಮ್ಮ ಮನೆ ಜಗಲಿ ಮೇಲೆ? ಅದಕ್ಕಾಗಿ ಜಗತ್ತಿನ ಬೇರೆ ಬೇರೆ ಲ್ಯಾಬ್‌ಗಳಲ್ಲಿ ಕೆಲಸ ನಡೀತಾ ಇದೆ. ಅದರಲ್ಲಿ ಒಂದು ದಾರಿ ಸೂಜಿಗಲ್ಲಿನದು.

ಸೂಜಿಗಲ್ಲಿಗೂ ರಕ್ತಕ್ಕೂ ಏನು ಸಂಬಂಧ ಅಂತೀರಾ? ಈಗಾಗಲೇ ಸಂಬಂಧ ಆಗಿಹೋಗಿದೆ. ನಿಮ್ಮಲ್ಲಿ ಯಾರಾದರೂ ದೊಡ್ಡ ಲ್ಯಾಬ್‌ನಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದರೆ, ಬಹುಮಟ್ಟಿಗೆ ನಿಮ್ಮ ರಕ್ತದೊಳಗೆ ಕಬ್ಬಿಣದ ಸಣ್ಣ ಸಣ್ಣ ಮಣಿಗಳನ್ನ ಕಲಸಿರ್ತಾರೆ. ಆ ಮಣಿಗಳ ಮೈಮೇಲೆ ಒಂಥರಾ ಅಂಟು ಇರುತ್ತೆ, ಬೇಕಾದ ವಸ್ತುವನ್ನ ಮಾತ್ರ ಹಿಡಿಯುವ ಅಂಟು. ಹಿಡಿದ ಮೇಲೆ ಯಂತ್ರ ಪಕ್ಕದಿಂದ ಅಯಸ್ಕಾಂತ ತರುತ್ತೆ. ಮಣಿಗಳೆಲ್ಲಾ ಗೋಡೆಗೆ ಅಂಟಿಕೊಳ್ತವೆ, ಮಿಕ್ಕ ರಕ್ತವನ್ನ ತೊಳೆದು ಚೆಲ್ತಾರೆ. 2020ರಲ್ಲಿ ಕೊರೊನಾ ಬಂದಾಗ ಮೂಗಿಗೆ ಕಡ್ಡಿ ಹಾಕಿ ತೆಗೆದುಕೊಂಡು ಹೋದ್ರಲ್ಲಾ, ಎಷ್ಟೋ ಲ್ಯಾಬ್‌ಗಳಲ್ಲಿ ಆ ವೈರಸ್ಸಿನ ಆರ್‌ಎನ್‌ಎಯನ್ನೂ ಹೀಗೇ ಮಣಿ ಹಾಕಿ, ಅಯಸ್ಕಾಂತ ಹಿಡಿದು ಎಳೆದು ತೆಗೆದರು.

ಆ ಮಣಿಯ ಕಬ್ಬಿಣ ಯಾವುದು ಗೊತ್ತಾ? ಮ್ಯಾಗ್ನೆಟೈಟ್. ಸೇಲಂ ಹತ್ತಿರ ಕಂಜಮಲೆ ಇದೆಯಲ್ಲಾ, ಆ ಗುಡ್ಡದ ಅದಿರಿನಲ್ಲಿರೋದೂ ಅದೇ. ಮಳೆ ನಿಂತ ಮೇಲೆ ರಸ್ತೆ ಪಕ್ಕದ ಮರಳಲ್ಲಿ ನೀವು ಚಿಕ್ಕವರಾಗಿದ್ದಾಗ ಸ್ಪೀಕರಿನ ಹಳೇ ಅಯಸ್ಕಾಂತವನ್ನ ದಾರಕ್ಕೆ ಕಟ್ಟಿ ಎಳೆದಿದ್ದೀರಿ. ಕರೀ ಪುಡಿ ಗಡ್ಡದ ಥರ ಅಂಟಿಕೊಳ್ತಿತ್ತು. ಅದೇ ಕುಲದ ಕಬ್ಬಿಣ. ಲ್ಯಾಬ್‌ನಲ್ಲಿ ಅದನ್ನ ತುಂಬಾ ಸಣ್ಣದಾಗಿ ಮಾಡ್ತಾರೆ, ಅಷ್ಟೇ ವ್ಯತ್ಯಾಸ. ಎಷ್ಟು ಸಣ್ಣದು ಅಂದರೆ ಒಂದು ತಲೆಗೂದಲಿನ ಅಗಲದಲ್ಲಿ ಸಾವಿರಕ್ಕೂ ಹೆಚ್ಚು ಕಣ ಸಾಲಾಗಿ ನಿಲ್ಲಬಹುದು.

ಇಲ್ಲಿ ಒಬ್ಬ ತಮ್ಮ ಕೇಳಬಹುದು, ರಕ್ತದಲ್ಲೇ ಕಬ್ಬಿಣ ಇದೆ ಅಂತಾರೆ, ಹಾಗಾದರೆ ಅಯಸ್ಕಾಂತ ರಕ್ತವನ್ನೇ ಎಳೆಯಲ್ವಾ ಅಂತ. ಒಳ್ಳೇ ಪ್ರಶ್ನೆ. ದೊಡ್ಡವರ ಮೈಯಲ್ಲಿ ಒಟ್ಟು ಮೂರು ನಾಲ್ಕು ಗ್ರಾಂ ಕಬ್ಬಿಣ ಇರುತ್ತೆ, ಹೆಚ್ಚಿನ ಪಾಲು ರಕ್ತದಲ್ಲೇ. ಆದರೆ ಅದು ಮೊಳೆಯ ಕಬ್ಬಿಣದ ಹಾಗೆ ಒಟ್ಟಿಗೆ ಸೇರಿಕೊಂಡಿಲ್ಲ. ಒಂದೊಂದು ಅಣು ಹಿಮೋಗ್ಲೋಬಿನ್ ಒಳಗೆ ಬೇರೆ ಬೇರೆ ಕೂತಿದೆ. 1936ರಲ್ಲೇ ಲೈನಸ್ ಪಾಲಿಂಗ್, ಚಾರ್ಲ್ಸ್ ಕೊರ್ಯೆಲ್ ಅನ್ನೋ ಇಬ್ಬರು ಅಮೆರಿಕದಲ್ಲಿ ಇದನ್ನ ಅಳೆದು ನೋಡಿದರು. ಆಮ್ಲಜನಕ ತುಂಬಿದ ರಕ್ತವನ್ನ ಅಯಸ್ಕಾಂತ ಎಳೆಯೋದೇ ಇಲ್ಲ, ಒಂದು ಕೂದಲೆಳೆಯಷ್ಟು ದೂರ ತಳ್ಳುತ್ತೆ. ಆಮ್ಲಜನಕ ಇಳಿದ ಹಿಮೋಗ್ಲೋಬಿನ್ನನ್ನ ಎಳೆಯುತ್ತೆ, ಅದೂ ಗೊತ್ತಾಗದಷ್ಟು ಕಡಿಮೆ.

ಹಾಗಾಗಿ ಜಾತ್ರೆಯಲ್ಲಿ ಮಾರೋ ಅಯಸ್ಕಾಂತದ ಕೈಬಳೆ, ಮನೆಮನೆಗೆ ಬಂದು ಕಂತಿನಲ್ಲಿ ಮಾರೋ ಅಯಸ್ಕಾಂತದ ಹಾಸಿಗೆ, ಇವು ರಕ್ತ ಓಡಿಸ್ತವೆ, ಸಕ್ಕರೆ ಇಳಿಸ್ತವೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಚೀಟಿ ದುಡ್ಡು ಎತ್ತಿ ಹಾಸಿಗೆ ತಂದವರ ಮನೆ ನಾನು ನೋಡಿದ್ದೀನಿ. ಮಂಡಿ ನೋವು ಹಾಗೇ ಇತ್ತು, ಕಂತು ಮಾತ್ರ ಬಾಕಿ ಇತ್ತು.

ರಕ್ತ ಅಯಸ್ಕಾಂತಕ್ಕೆ ಕಿವುಡು. ಈ ಕಿವುಡುತನದಿಂದಲೇ ಸೂಜಿಗಲ್ಲಿನ ಪರೀಕ್ಷೆಗೆ ಬಲ ಬಂದಿರೋದು. ಹೇಗೆ ಅಂತ ಹೇಳ್ತೀನಿ. ಕಾಲಭೈರವನ ಗುಡಿ ಮುಂದೆ ಅಷ್ಟಮಿ ದಿನ ಜನ ಹೇಗೆ ಸೇರುತ್ತೆ ನಿಮಗೆ ಗೊತ್ತು. ಅಲ್ಲಿ ನಿಮ್ಮ ಮಗು ತಪ್ಪಿಸಿಕೊಂಡಿದೆ. ಮಗುವಿಗೆ ಕೆಂಪು ಅಂಗಿ ಹಾಕಿದ್ದೀರಿ. ಆದರೆ ಅವತ್ತೇ ಮೇಲ್ಮರುವತ್ತೂರಿಗೆ ಹೊರಟವರ ನಾಲ್ಕು ಬಸ್ಸು ಅಲ್ಲಿ ಬಂದು ನಿಂತರೆ? ಎಲ್ಲಿ ನೋಡಿದರೂ ಕೆಂಪು. ಮಗುವಿನ ಕಾಲಿಗೆ ಗೆಜ್ಜೆ ಕಟ್ಟಿದ್ದೀರಿ, ಆ ಗುಂಪಿನಲ್ಲಿ ಬೇರೆ ಯಾರ ಕಾಲಿಗೂ ಗೆಜ್ಜೆ ಇಲ್ಲ ಅಂತಿಟ್ಟುಕೊಳ್ಳಿ. ಕಣ್ಣು ಮುಚ್ಚಿಕೊಂಡೇ ಹುಡುಕಬಹುದು. ಬೆಳಕಿನಿಂದ ಓದುವ ಪರೀಕ್ಷೆ ಕೆಂಪು ಅಂಗಿ ಇದ್ದಂಗೆ. ರಕ್ತವೇ ಕೆಂಪು, ಮೂತ್ರ ಹಳದಿ, ಕಫ ಮಬ್ಬು. ಅದಕ್ಕೇ ನಾವು ರಕ್ತವನ್ನ ತಿರುಗಿಸಿ ಸೀರಂ ಬೇರೆ ಮಾಡ್ತೀವಿ, ತೊಳೀತೀವಿ, ಮತ್ತೆ ತೊಳೀತೀವಿ. ಯಂತ್ರ ಬೀರುವಿನಷ್ಟು ದೊಡ್ಡದಾಗುತ್ತೆ, ಎಸಿ ರೂಮು ಕೇಳುತ್ತೆ, ಕರೆಂಟು ಹೋಗಬಾರದು. ಅಯಸ್ಕಾಂತದ ಕಣ ಗೆಜ್ಜೆ ಇದ್ದಂಗೆ. ಮೈಯೊಳಗೆ ಬೇರೆ ಯಾವುದೂ ಆ ಸದ್ದು ಮಾಡಲ್ಲ.

ಆ ಗೆಜ್ಜೆ ಸದ್ದು ಕೇಳೋ ಕಿವಿ ಬೇಕಲ್ಲಾ. ಅದು ಕಂಪ್ಯೂಟರಿನಿಂದ ಬಂತು. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್, ಜರ್ಮನಿಯ ಪೀಟರ್ ಗ್ರೂನ್‌ಬರ್ಗ್, ಇಬ್ಬರೂ ಬೇರೆ ಬೇರೆಯಾಗಿ ಒಂದೇ ಸಂಗತಿ ಕಂಡುಹಿಡಿದರು. ಕಬ್ಬಿಣದ ಒಂದು ಪದರ, ಕ್ರೋಮಿಯಂನ ಒಂದು ಪದರ, ಮತ್ತೆ ಕಬ್ಬಿಣ, ಹೀಗೆ ಕೆಲವೇ ಅಣುಗಳಷ್ಟು ತೆಳ್ಳಗೆ ದೋಸೆ ಮೇಲೆ ದೋಸೆ ಹಾಕಿದಂತೆ ಜೋಡಿಸಿದರೆ, ಹತ್ತಿರ ಅಯಸ್ಕಾಂತ ಬಂದ ತಕ್ಷಣ ಅದರೊಳಗೆ ಕರೆಂಟು ಹರಿಯೋ ಸುಲಭ ಬದಲಾಗುತ್ತೆ, ಅದೂ ಅಲ್ಲಿವರೆಗೆ ಯಾರೂ ಕಾಣದಷ್ಟು ಜಾಸ್ತಿ. ಇಂಗ್ಲಿಷಲ್ಲಿ ಇದನ್ನ ಚಿಕ್ಕದಾಗಿ ಜಿಎಂಆರ್ ಅಂತಾರೆ. 1997ರಲ್ಲಿ ಐಬಿಎಂ ಕಂಪನಿ ಇದನ್ನ ಹಾರ್ಡ್ ಡಿಸ್ಕ್ ಓದುವ ತುದಿಗೆ ಹಾಕಿ ಮಾರಾಟಕ್ಕೆ ತಂತು. ನಿಮ್ಮ ಮದುವೆ ಫೋಟೋ ಎಲ್ಲಾ ಸ್ಟುಡಿಯೋದವನ ಕಂಪ್ಯೂಟರಲ್ಲಿ ಹಿಡಿಸಿದ್ದು ಇಂಥ ತುದಿಗಳಿಂದಲೇ. 2007ರಲ್ಲಿ ಆ ಇಬ್ಬರಿಗೂ ನೊಬೆಲ್ ಬಂತು.

ಡಿಸ್ಕಿನ ಮೇಲಿನ ಅಷ್ಟು ಸಣ್ಣ ಅಯಸ್ಕಾಂತದ ಗುರುತನ್ನ ಓದೋ ತುದಿ ರಕ್ತದೊಳಗಿನ ಮಣಿಯನ್ನ ಓದಬಾರದಾ? 1998ರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಡೇವಿಡ್ ಬಾಸೆಲ್ಟ್ ಮತ್ತು ಜೊತೆಗಾರರು ಓದಬಹುದು ಅಂತ ತೋರಿಸಿದರು. ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಶಾನ್ ವಾಂಗ್ ಅವರ ತಂಡ ಇದನ್ನೇ ಹಿಡಿದು ಕೂತಿತು. 2009ರಲ್ಲಿ ಅವರು ರಕ್ತ, ಮೂತ್ರ, ಎಂಜಲು ಯಾವುದನ್ನ ಹಾಕಿದರೂ ಚಿಪ್ ಒಂದೇ ಥರ ಓದುತ್ತೆ ಅಂತ ತೋರಿಸಿದರು. 2011ರಲ್ಲಿ ಆ ತಂಡದ ರಿಚರ್ಡ್ ಗ್ಯಾಸ್ಟರ್, ಡ್ರೂ ಹಾಲ್ ಮೊದಲಾದವರು ಕೈಯಲ್ಲಿ ಹಿಡಿಯೋವಷ್ಟು ಚಿಕ್ಕ ಪೆಟ್ಟಿಗೆ ಮಾಡಿ ಅದಕ್ಕೆ ನ್ಯಾನೋಲ್ಯಾಬ್ ಅಂತ ಹೆಸರಿಟ್ಟರು. ಮಿನಸೋಟಾದಲ್ಲಿ ಜಿಯಾನ್‌ಪಿಂಗ್ ವಾಂಗ್ ಅವರ ತಂಡ ಅದೇ ದಾರಿಯಲ್ಲಿ ಇನ್ಫ್ಲುಯೆಂಜಾ ವೈರಸ್ ಹಿಡಿಯೋ ಪೆಟ್ಟಿಗೆ ಮಾಡಿದೆ.

ಒಳಗೆ ಏನಾಗುತ್ತೆ ಅಂತ ನಿಧಾನವಾಗಿ ನೋಡೋಣ. ಚಿಪ್ಪಿನ ಮೇಲೆ ಒಂದು ವಸ್ತುವಿಗೆ ಮಾತ್ರ ಒಪ್ಪುವ ಪ್ರತಿಕಾಯಗಳನ್ನ ಮೊದಲೇ ನೆಟ್ಟಿರ್ತಾರೆ. ಬೀಗಕ್ಕೆ ಅದರದೇ ಬೀಗದ ಕೈ ಇದ್ದಂಗೆ. ರಕ್ತದ ತೊಟ್ಟು ಬಿತ್ತು, ಬೇಕಾದ ಅಣು ಇದ್ದರೆ ಅಲ್ಲಿ ಸಿಕ್ಕಿಕೊಳ್ತು. ಆಮೇಲೆ ಅದೇ ಅಣುವಿನ ಬೆನ್ನು ಹಿಡಿಯೋ ಇನ್ನೊಂದು ಪ್ರತಿಕಾಯ, ಅದರ ಬಾಲಕ್ಕೆ ಅಯಸ್ಕಾಂತದ ಕಣ. ಅಣು ಎಷ್ಟು ಸಿಕ್ಕಿತೋ ಅಷ್ಟು ಕಣ ಚಿಪ್ಪಿನ ಮೇಲೆ ಕೂರುತ್ತೆ. ಈ ಕಣಗಳದ್ದು ಒಂದು ಒಳ್ಳೇ ಗುಣ, ಸುಮ್ಮನಿದ್ದಾಗ ಇವು ಅಯಸ್ಕಾಂತವೇ ಅಲ್ಲ, ಅದಕ್ಕೇ ಒಂದಕ್ಕೊಂದು ಅಂಟಿ ಮುದ್ದೆಯಾಗಲ್ಲ. ಹೊರಗಿಂದ ಅಯಸ್ಕಾಂತ ತಂದಾಗ ಮಾತ್ರ ಎಚ್ಚರ ಆಗ್ತವೆ, ಮೇಷ್ಟ್ರು ಬಂದಾಗ ಸಾಲಾಗಿ ನಿಲ್ಲೋ ಮಕ್ಕಳ ಹಾಗೆ. ಆಗ ಕೆಳಗಿನ ಪದರದಲ್ಲಿ ಕರೆಂಟು ಒಂಚೂರು ಬದಲಾಗುತ್ತೆ. ಆ ಬದಲಾವಣೆಯೇ ನಿಮ್ಮ ರಿಸಲ್ಟ್. ದೂರದಲ್ಲಿ ತೇಲಾಡೋ ಕಣಗಳ ಸದ್ದು ಚಿಪ್ಪಿಗೆ ಕೇಳಿಸೋದೇ ಇಲ್ಲ, ಯಾಕಂದರೆ ಅಯಸ್ಕಾಂತದ ಎಳೆತ ದೂರ ಹೋದಂತೆ ಬಹಳ ಬೇಗ ಸಾಯುತ್ತೆ. ಹಾಗಾಗಿ ತೊಳೆಯೋ ಕೆಲಸವೂ ಉಳೀತು. ತೊಳೆಯೋದು ಇಲ್ಲ ಅಂದರೆ ನನ್ನಂಥವನ ಅರ್ಧ ಕೆಲಸ ಇಲ್ಲ, ಅದು ಬೇರೆ ಮಾತು.

ಇದರಿಂದ ಯಾರ ಜೀವ ಉಳಿಯುತ್ತೆ? ಒಂದೇ ಉದಾಹರಣೆ ಕೊಡ್ತೀನಿ. ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ ನಮ್ಮ ಅಣ್ಣಂದಿರಲ್ಲಿ ಒಬ್ಬರಿಗೆ ರಾತ್ರಿ ಎದೆ ಒತ್ತಿದ ಹಾಗಾಗುತ್ತೆ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮಲಗ್ತಾರೆ. ಹೃದಯದ ಮಾಂಸ ಸಾಯೋಕೆ ಶುರುವಾದರೆ ಟ್ರೋಪೊನಿನ್ ಅನ್ನೋ ವಸ್ತು ರಕ್ತಕ್ಕೆ ಸೋರುತ್ತೆ. ಅದನ್ನ ಅಳೆದರೆ ಗ್ಯಾಸಾ, ಹಾರ್ಟಾ ಅನ್ನೋದು ಗೊತ್ತಾಗುತ್ತೆ. ನೆದರ್ಲೆಂಡ್ಸ್‌ನ ಫಿಲಿಪ್ಸ್ ಕಂಪನಿ ಮಿನಿಕೇರ್ ಅಂತ ಕೈಯಲ್ಲಿ ಹಿಡಿಯೋ ಯಂತ್ರ ಮಾಡಿತ್ತು. ಬೆರಳ ತುದಿಯ ರಕ್ತದಿಂದ ಹತ್ತೇ ನಿಮಿಷದಲ್ಲಿ ಟ್ರೋಪೊನಿನ್ ಹೇಳೋದು. ಅದರಲ್ಲಿ ಅಯಸ್ಕಾಂತದ ಕೆಲಸ ಕಣಗಳನ್ನ ರಕ್ತದ ತೊಟ್ಟಿನೊಳಗೆ ಓಡಾಡಿಸೋದು, ಓದೋದು ಬೆಳಕು. ಆದರೂ ಒಂದು ಮಾತು ನೆನಪಿಡಿ. ನೋವು ಶುರುವಾದ ಮೊದಲ ಗಂಟೆಗಳಲ್ಲಿ ಟ್ರೋಪೊನಿನ್ ಏರಿರೋದಿಲ್ಲ. ಯಂತ್ರ ಇಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ಎದೆ ಒತ್ತಿದರೆ ಯಂತ್ರಕ್ಕೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಇಸಿಜಿ ಇರೋ ಕಡೆ ಹೋಗಿ.

ಇಷ್ಟು ಒಳ್ಳೇದಾಗಿದ್ದರೆ ನಮ್ಮ ಆರೋಗ್ಯ ಕೇಂದ್ರಕ್ಕೆ ಯಾಕೆ ಬಂದಿಲ್ಲ? ಕಾರಣ ದುಡ್ಡು. ಪೆಟ್ಟಿಗೆಗಿಂತ ಚಿಪ್ಪಿಗೆ ಜಾಸ್ತಿ. ಚಿಪ್ ಒಂದು ಸಲಕ್ಕೆ ಮಾತ್ರ, ಒಬ್ಬರ ರಕ್ತ ಬಿದ್ದದ್ದು ಇನ್ನೊಬ್ಬರಿಗೆ ಆಗಲ್ಲ. ಮೇಲೆ ನೆಟ್ಟ ಪ್ರತಿಕಾಯ ನಮ್ಮ ಮೇ ತಿಂಗಳ ಬಿಸಿಲಿಗೆ ಕೆಡುತ್ತೆ, ಫ್ರಿಜ್ ಬೇಕು. ಮನೇಲಿ ಸಕ್ಕರೆ ನೋಡೋ ಮೀಟರ್ ಇರೋರಿಗೆ ಇದು ಗೊತ್ತು. ಮೀಟರನ್ನ ಯಾರೋ ಬಳುವಳಿ ಕೊಟ್ಟಿರ್ತಾರೆ, ಸ್ಟ್ರಿಪ್ ಮುಗಿದ ಮೇಲೆ ಅದು ಬೀರುವಿನ ಮೇಲೆ ಧೂಳು ಹಿಡೀತಾ ಕೂರುತ್ತೆ. ಆ ಮೀಟರಿಗೂ ಬೆಲೆ ಇಳಿಯೋಕೆ ಕಾಲ ಹಿಡೀತು. 1970ರ ಸುಮಾರಿಗೆ ಮೊದಲ ಮೀಟರ್ ಬಂದಾಗ ಅದು ಒಂದು ಕಿಲೋಗಿಂತ ಭಾರ, ಡಾಕ್ಟರುಗಳ ಕೈಗೆ ಮಾತ್ರ. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು, ಸಂವಿಧಾನ ಬರೆಯೋ ಹೊತ್ತಿಗೆ ಅದು ಅವರನ್ನ ತುಂಬಾ ಕಾಡಿತು. ಅಷ್ಟು ಓದಿದ, ದೆಹಲಿಯಲ್ಲಿ ಮಂತ್ರಿಯಾಗಿದ್ದ ಮನುಷ್ಯನಿಗೂ ಮನೆಯಲ್ಲಿ ಬೆರಳು ಚುಚ್ಚಿ ನೋಡೋ ಯಂತ್ರ ಆಗ ಇರಲಿಲ್ಲ. ಇವತ್ತು ನಮ್ಮ ಕಾಲೋನಿಯಲ್ಲಿ ಇದೆ.

ಅಂದರೆ ಅಯಸ್ಕಾಂತದ ಪೆಟ್ಟಿಗೆಗೆ ಕಾಯ್ತಾ ಕೂರೋದಲ್ಲ, ಇರೋದನ್ನ ಬಳಸಬೇಕು. 2021ರ ಆಗಸ್ಟ್ 5ರಂದು ಪಕ್ಕದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ ಮಕ್ಕಳೈ ತೇಡಿ ಮರುತ್ತುವಂ ಶುರುವಾಯಿತು. ಬಿಪಿ, ಸಕ್ಕರೆ ನೋಡಿ ಮನೆ ಬಾಗಿಲಿಗೇ ಮಾತ್ರೆ ತಂದುಕೊಡೋ ಯೋಜನೆ. ಬರೋ ಅಕ್ಕನ ಪಟ್ಟಿಯಲ್ಲಿ ನಮ್ಮ ಬೀದಿಯ ಎಲ್ಲಾ ಮನೆ ಇದೆಯಾ ಅಂತ ಸಂಘದವರು ನೋಡಬೇಕು. ಕ್ಷಯಕ್ಕೆ ಟ್ರೂನ್ಯಾಟ್ ಅಂತ ಯಂತ್ರ ಇದೆ, ಬ್ಯಾಟರಿಯಲ್ಲಿ ನಡೆಯೋದು, ಕಫದಿಂದ ಸುಮಾರು ಒಂದು ಗಂಟೆಯಲ್ಲಿ ಟಿಬಿ ಹೇಳುತ್ತೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನ ಒಪ್ಪಿಕೊಂಡಿತು. ಅದನ್ನ ಕಂಡುಹಿಡಿದವರು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್, ಮಾಡಿ ಮಾರೋರು ಗೋವಾದ ಮೋಲ್‌ಬಯೋ. ಅದು ಓದೋದು ಬೆಳಕಿನಿಂದ, ಅಯಸ್ಕಾಂತದಿಂದಲ್ಲ. ಆದರೆ ಲ್ಯಾಬನ್ನ ಸೂಟ್‌ಕೇಸಿನೊಳಗೆ ಇಳಿಸಬಹುದು ಅಂತ ತೋರಿಸಿದ್ದು ಹೊಸೂರು ದಾಟಿದರೆ ಸಿಗೋ ಊರು. ನಮ್ಮ ಹುಡುಗರು ಕಲ್ಲು, ಸಿಮೆಂಟು ಹೊರೋಕೆ ಹೋಗೋ ಅದೇ ಊರು.

ಚಿಕ್ಕ ಯಂತ್ರ ಅಂದರೆ ಒಳ್ಳೇ ಯಂತ್ರ ಅಂತಲೂ ಅಲ್ಲ. ಅದನ್ನ ಸೇಲಂ, ಧರ್ಮಪುರಿ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೈಯಲ್ಲಿ ಹೊತ್ತುಕೊಂಡು ಹೋಗೋ ಸ್ಕ್ಯಾನ್ ಯಂತ್ರ ಇಟ್ಟುಕೊಂಡು, ಹೊಟ್ಟೆಯಲ್ಲಿರೋದು ಹೆಣ್ಣಾ ಗಂಡಾ ಅಂತ ಕದ್ದು ಹೇಳಿ ಸಿಕ್ಕಿಬಿದ್ದವರ ಸುದ್ದಿಯನ್ನ ನೀವೂ ಪೇಪರಲ್ಲಿ ಓದಿದ್ದೀರಿ. ಹೆಣ್ಣುಮಕ್ಕಳನ್ನ ಉಳಿಸೋಕೆ ಸರ್ಕಾರ 1992ರಲ್ಲಿ ತೊಟ್ಟಿಲು ಇಟ್ಟಿದ್ದು ಸೇಲಂನಲ್ಲಿ. ಯಂತ್ರ ಚಿಕ್ಕದಾದಷ್ಟೂ ಅದನ್ನ ಬಚ್ಚಿಡೋದು ಸುಲಭ. ನಾಳೆ ರಕ್ತದ ಪೆಟ್ಟಿಗೆ ಬಂದಾಗಲೂ ಅಷ್ಟೆ. ನಿಮ್ಮ ರಕ್ತದ ರಿಸಲ್ಟನ್ನ ಮೇಸ್ತ್ರಿ ನೋಡಿ ಕೆಲಸದಿಂದ ತೆಗೆಯೋ ಹಾಗಾದರೆ? ಮದುವೆ ಮಾತುಕತೆಗೆ ಬಂದವರು ಕೇಳಿದರೆ? ರಿಸಲ್ಟ್ ರಕ್ತ ಕೊಟ್ಟವರದು. ಅವರು ಒಪ್ಪದೆ ಬೇರೆಯವರಿಗೆ ಹೇಳಬಾರದು.

ಇನ್ನೊಂದು ಸಂಗತಿ ಹೇಳದೆ ಇರೋಕಾಗಲ್ಲ. ಬಾಬಾಸಾಹೇಬರು ತಮ್ಮ ನೆನಪುಗಳ ಬರಹದಲ್ಲಿ, ವೇಟಿಂಗ್ ಫಾರ್ ಎ ವೀಸಾ ಅನ್ನೋದರಲ್ಲಿ, ಒಂದು ಕಾಗದವನ್ನ ಸೇರಿಸಿದ್ದಾರೆ. 1929ರ ಡಿಸೆಂಬರ್ 12ರ ಯಂಗ್ ಇಂಡಿಯಾದಲ್ಲಿ ಬಂದದ್ದು. ಕಾಠಿಯಾವಾಡದ ಒಬ್ಬ ದಲಿತ ಮೇಷ್ಟ್ರ ಹೆಂಡತಿಗೆ ಹೆರಿಗೆಯಾಗಿ ಎರಡೇ ದಿನಕ್ಕೆ ಕಾಯಿಲೆ ಬಿತ್ತು. ಡಾಕ್ಟರ್ ಕೇರಿಯೊಳಗೆ ಬರಲ್ಲ ಅಂದ. ಬಾಣಂತಿಯನ್ನ ಹೊರಗೆ ತಂದು ಕೂರಿಸಿದರು. ಡಾಕ್ಟರ್ ಮುಟ್ಟಲಿಲ್ಲ. ಥರ್ಮಾಮೀಟರನ್ನ ಒಬ್ಬ ಮುಸ್ಲಿಮರ ಕೈಗೆ ಕೊಟ್ಟ, ಅವರು ಗಂಡನ ಕೈಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ವಾಪಸ್ಸು ಬಂತು. ದೀಪದ ಬೆಳಕಲ್ಲಿ ನೋಡಿ ನ್ಯುಮೋನಿಯಾ ಅಂದ, ಔಷಧ ಕಳಿಸಿದ. ಮತ್ತೆ ಬಂದು ನೋಡಿ ಅಂದರೆ ಬರಲಿಲ್ಲ. ಆಯಮ್ಮ ಸತ್ತುಹೋದರು.

ಥರ್ಮಾಮೀಟರ್ ಸರಿಯಾಗಿಯೇ ಇತ್ತು. ಅದಕ್ಕಿಂತ ಚಿಕ್ಕ, ಅದಕ್ಕಿಂತ ಸುಲಭದ ಯಂತ್ರ ಯಾವುದಿದೆ? ಮುಟ್ಟದೆಯೇ ಪರೀಕ್ಷೆ ಮಾಡೋ ಯಂತ್ರ ಬಂದರೆ ಮುಟ್ಟೋಕೆ ಇಷ್ಟವಿಲ್ಲದವರಿಗೂ ಅದು ಅನುಕೂಲವೇ. ಬೀದಿ ತುದಿಯಲ್ಲಿ ನಿಂತು ಪೆಟ್ಟಿಗೆ ಕಳಿಸಿ, ನಂಬರ್ ಬರೆದುಕೊಂಡು ಹೊರಟುಹೋಗಬಹುದು. ಅದಕ್ಕೇ ಹೇಳ್ತಾ ಇದ್ದೀನಿ, ಪೆಟ್ಟಿಗೆ ಹಿಡಿಯೋ ಕೈ ನಮ್ಮ ಹೆಣ್ಣುಮಕ್ಕಳದೂ ನಮ್ಮ ಹುಡುಗರದೂ ಆಗಬೇಕು. ಹನ್ನೆರಡನೇ ಕ್ಲಾಸಲ್ಲಿ ಸೈನ್ಸ್ ಓದಿದವರು ಡಿಎಂಎಲ್‌ಟಿ ಸೇರಬಹುದು. ಫಿಸಿಕ್ಸ್ ಇಷ್ಟ ಇರೋರು ಆ ಪದರಗಳನ್ನೇ ಓದಬಹುದು. ಬಯಾಲಜಿ ಇಷ್ಟ ಇರೋರು ಬಿಸಿಲಿಗೆ ಕೆಡದ ಪ್ರತಿಕಾಯ ಹೇಗೆ ಮಾಡೋದು ಅಂತ ಯೋಚಿಸಬಹುದು. ಮೇ ತಿಂಗಳ ಬಿಸಿಲು ಸ್ಟ್ಯಾನ್‌ಫರ್ಡ್‌ನವರಿಗಿಂತ ನಮಗೆ ಚೆನ್ನಾಗಿ ಗೊತ್ತು.

ನಮ್ಮೂರಿಗೆ ಹೆಸರು ಕೊಟ್ಟ ಅದಿಯಮಾನ್ ಆಯುಸ್ಸು ಹೆಚ್ಚಿಸೋ ನೆಲ್ಲಿಕಾಯಿಯನ್ನ ತಾನು ತಿನ್ನದೆ ಅವ್ವೈಯಾರಿಗೆ ಕೊಟ್ಟ ಅಂತ ಕಥೆ ಇದೆ. ಒಳ್ಳೇ ಕಥೆ. ಆದರೆ ಆಯುಸ್ಸನ್ನ ರಾಜ ದಾನ ಕೊಡಲಿ ಅಂತ ನಾವು ಕಾಯೋ ಕಾಲ ಅಲ್ಲ. ಸರ್ಕಾರಿ ಲ್ಯಾಬ್‌ನ ಆ ಡ್ರಾಯರಿನಲ್ಲಿ ನಿಮ್ಮ ಹೆಸರಿನ ಕಾಗದ ಇದ್ದರೆ ಈ ವಾರ ಹೋಗಿ ತನ್ನಿ. ಕೂಲಿ ಬಿಡೋಕಾಗದವರು ಸಂಘದ ಹುಡುಗರ ಹತ್ತಿರ ಚೀಟಿ, ನಿಮ್ಮ ಸಹಿ ಕೊಟ್ಟರೆ ಬೈಕಿನಲ್ಲಿ ಹೋಗಿ ಎಲ್ಲರದೂ ಒಟ್ಟಿಗೆ ತರೋಕೆ ಇಬ್ಬರು ಒಪ್ಪಿಕೊಂಡಿದ್ದಾರೆ. ಕಾಗದ ಮಡಚಿ ಕವರಲ್ಲಿ ಹಾಕಿ ಕೊಡ್ತಾರೆ, ದಾರಿಯಲ್ಲಿ ಓದಲ್ಲ ಅಂತ ನನಗೆ ಮಾತು ಕೊಟ್ಟಿದ್ದಾರೆ.

ಬರೋ ಭಾನುವಾರ ಸಂಘದ ರೂಮಿಗೆ ಬನ್ನಿ, ಮಕ್ಕಳನ್ನ ಕಳಿಸಿ. ಕೆಟ್ಟುಹೋದ ಒಂದು ಹಾರ್ಡ್ ಡಿಸ್ಕ್ ತರ್ತೀನಿ, ಬಿಚ್ಚಿ ನೋಡೋಣ. ಓದೋ ತುದಿ ಕಣ್ಣಿಗೆ ಕಾಣಲ್ಲ, ಅದನ್ನ ಹೊತ್ತ ಕೈ ಕಾಣುತ್ತೆ. ಒಳಗೆ ಎರಡು ಜೋರಾದ ಅಯಸ್ಕಾಂತ ಇರ್ತವೆ, ಅವನ್ನ ಮರಳಲ್ಲಿ ಎಳೆದು ಕರೀ ಪುಡಿ ತೆಗೆಯೋಣ. ಮಧ್ಯೆ ಬೆರಳು ಸಿಕ್ಕಿದರೆ ರಕ್ತ ಬರುತ್ತೆ, ನುಂಗಿದರೆ ಕರುಳಿಗೆ ಅಪಾಯ, ಹಾಗಾಗಿ ಸಣ್ಣ ಮಕ್ಕಳ ಕೈಗೆ ಕೊಡೋದು ಬೇಡ. ಡಿಸ್ಕಿನ ಸ್ಕ್ರೂ ಆರು ಮೂಲೆಯದು, ಮನೇಲಿರೋ ಸ್ಕ್ರೂಡ್ರೈವರಿಗೆ ಬಗ್ಗಲ್ಲ. ಮೊಬೈಲ್ ಅಂಗಡಿ ತಮ್ಮ ತನ್ನ ಟೂಲ್ ಸೆಟ್ ತರ್ತೀನಿ ಅಂದಿದ್ದಾನೆ.